ಜಮೆ ಬೇರೆ, ಖರ್ಚು ಬೇರೆ

ಕಾಳಿಯ ನೀರು ಆಗಷ್ಟೇ ತಿರುಗಿತ್ತು.
ತೊಡೆಯ ಮೇಲೆ ರಸೀದಿ ಪುಸ್ತಕ,
ಎರಡು ಹಾಳೆಗಳ ನಡುವೆ ಸವೆದ ಕಾರ್ಬನ್ನು,
ಹೊಸ ದರದ ಪಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ.
ಮಾರ್ಚ್ ಮುಗಿಯಲು ನಾಲ್ಕು ದಿನ.
ಕುರ್ವೆಯಲ್ಲಿ ನಲವತ್ತೊಂದು ಮನೆ.

ದೋಣಿಯಲ್ಲಿ ಮೂರೇ ಜನ:
ನಾನು, ಪಂಚಾಯ್ತಿಯ ಬಿಲ್ ಕಲೆಕ್ಟರ್;
ತೀಸ್ರೆಯ ಖಾಲಿ ಬುಟ್ಟಿ ಮಗುಚಿ ಅದರ ಮೇಲೆ ಕೂತ ಗುಲಾಬಿ ತಾಂಡೇಲ;
ಹುಟ್ಟು ಹಾಕುವ ಬುದವಂತ ಅಂಬಿಗ,
ಮನೆ ನಂಬರ್ ಹದಿನೇಳು, ಬಾಕಿ ಆರುನೂರ ನಲವತ್ತು.

ಅದನ್ನು ನಾನು ದಡದಲ್ಲೇ ಹೇಳಬೇಕಿತ್ತು.
ನಟ್ಟನಡು ಹೊಳೆಯಲ್ಲಿ ಹೇಳಿದೆ.

ಅವನು ಹುಟ್ಟು ನಿಲ್ಲಿಸಲಿಲ್ಲ.
"ಪಂಚಾಯ್ತಿ ನಂಗೆ ಕೊಡೂದು ಮೂರು ತಿಂಗಳಿಂದು ಅದೆ.
ತಿಂಗಳಿಗೆ ಮೂರು ಸಾವ್ರ.
ಅದ್ರಲ್ಲೇ ಮುರ್ಕೊ."

ಮುರಿದುಕೊಳ್ಳಲು ಬರುವುದಿಲ್ಲ.
ಜಮೆ ಬೇರೆ, ಖರ್ಚು ಬೇರೆ.
ಒಂದರ ಪುಸ್ತಕ ನನ್ನ ತೊಡೆಯ ಮೇಲೆ,
ಇನ್ನೊಂದರದ್ದು ಪಿಡಿಓ ಕಪಾಟಿನಲ್ಲಿ.
ಮೇಲಿನಿಂದ ಬರುವ ಅನುದಾನ ಈ ಸಲ ಅರ್ಧಕ್ಕೇ ನಿಂತಿದೆ,
ಆದ್ದರಿಂದ ಸುತ್ತೋಲೆ: ಸ್ವಂತ ಸಂಪನ್ಮೂಲ ಹೆಚ್ಚಿಸುವುದು,
ಅನಿವಾರ್ಯವಲ್ಲದ ಖರ್ಚು ತಡೆಹಿಡಿಯುವುದು.
ಸಭೆಯಲ್ಲಿ ನಾನೂ ಇದ್ದೆ, ಚಹಾ ಹಂಚುತ್ತ.
ದೋಣಿ ಅನಿವಾರ್ಯವೇ ಎಂದು ಯಾರೋ ಕೇಳಿದರು.
ಕುರ್ವೆಯ ಸದಸ್ಯೆ ಇನ್ನೂ ಬಂದಿರಲಿಲ್ಲ.
ಅವತ್ತು ದೋಣಿ ತಡವಾಗಿತ್ತು.

ಇದನ್ನೆಲ್ಲ ಹೇಳಿದೆನೋ, ಅರ್ಧ ನುಂಗಿದೆನೋ.
ನನಗೂ ಜನವರಿಯಿಂದ ಸಂಬಳವಿಲ್ಲ ಅಂದೆ.
ಅದು ಮಾತ್ರ ಸಮಜಾಯಿಷಿಯ ಹಾಗೆ ಕೇಳಿಸಿತು.

ಗುಲಾಬಿ ಸೊಂಟದ ಚೀಲ ಬಿಚ್ಚಿದಳು.
ಹತ್ತಿದ್ದ ಸಂತೆಕರ ಹದಿನೈದಾದ ಚೀಟಿಗಳು ಮೊದಲು ಹೊರಬಂದವು,
ಆಮೇಲೆ ನೋಟು:
ಉಪ್ಪುನೀರಿಗೆ ಮೆತ್ತಗಾದ ನೂರರವು ಆರು,
ಮೇಲೆ ಚಿಲ್ಲರೆ.
"ಬರ್ಕೊ ಅವ್ನ ಹೆಸ್ರಿಗೆ.
ದೋಣಿ ನಿಂತ್ರೆ ನನ್ನ ಬುಟ್ಟಿ ಈಜ್ಕಂಡು ಹೋಗೂದಿಲ್ಲ."
ಬುದವಂತ ನೀರಿನ ಕಡೆ ನೋಡಿದ.
ಬೇಡ ಎನ್ನಲಿಲ್ಲ.

ಬರೆದೆ. ಬುದವಂತ ಬೊಮ್ಮ ಅಂಬಿಗ,
ಅಕ್ಷರದಲ್ಲಿ ಆರುನೂರ ನಲವತ್ತು ಮಾತ್ರ.
ದೋಣಿ ವಾಲಿದಾಗ 'ಮಾತ್ರ' ಸ್ವಲ್ಪ ಉದ್ದವಾಯಿತು.
ದಾಟಿಸಿದ್ದಕ್ಕೆ ಬಾಡಿಗೆ ಅವನು ಕೇಳಲಿಲ್ಲ;
ಅದು ಪಂಚಾಯ್ತಿಯ ಸೇವೆ.

ಸಂಜೆ ಅವನೇ ವಾಪಸು ತಂದುಬಿಟ್ಟ.
ಹನ್ನೊಂದು ಮನೆ ವಸೂಲಿ, ಎರಡು ಕಡೆ ಎಳನೀರು,
ಒಂದು ಕಡೆ ಬೈಗುಳ.
ಧಕ್ಕೆಯ ದೀಪ ಉರಿಯುತ್ತಿರಲಿಲ್ಲ.
ಒಂದು ಬಿಟ್ಟು ಒಂದು ಕಂಬ ಆರಿಸುವುದೆಂದು ಅದೇ ಸಭೆಯ ಠರಾವು.
ಎಣಿಕೆ ಶಾಲೆಯ ಕಡೆಯಿಂದ ಶುರುವಾದ್ದರಿಂದ
ಧಕ್ಕೆಯದು ಸರಿಸಂಖ್ಯೆಗೆ ಬಿತ್ತು.

ನೀರಿನ ಮೇಲೆ ಆ ದೀಪದ ಗೆರೆ ಹಿಡಿದೇ
ಅವನು ಬಂಡೆ ತಪ್ಪಿಸುವುದು.
ಈಗ ಗೆರೆ ಇಲ್ಲ. ದೋಣಿ ತಿರುಗಿಸಿದ, ಹೋದ.
ನಾನು ರಸೀದಿ ಪುಸ್ತಕ ಕಂಕುಳಲ್ಲಿ ಒತ್ತಿ
ಮೊಬೈಲಿನ ಟಾರ್ಚು ಹಚ್ಚಿ
ಕೈ ಎತ್ತಿ ನಿಂತೆ.
ಚಾರ್ಜು ಒಂಬತ್ತು ಪರ್ಸೆಂಟು.

ಸುಮಾರು ಹೊತ್ತಾದ ಮೇಲೆ ಹೊಳೆಯ ನಡುವಿನಿಂದ ಕೂಗು:
"ಆರ್ಸೋ ಮಾರಾಯಾ,
ಸುಮ್ನೆ ಖರ್ಚಾತದೆ!"