ಹತ್ತಕ್ಕೆ ಒಂದು

ಹತ್ತು ಗ್ರಾಂ ಪಾಲಿಮರ್ ಅಂಟಿಗೆ ಒಂದು ಗ್ರಾಂ ಹಾರ್ಡ್‌ನರ್.
ತೂಗುವಾಗ ಚಾಂದ್‌ಪಾಷಾ ಉಸಿರು ಬಿಡುವುದಿಲ್ಲ,
ಬಿಟ್ಟರೆ ಅಂಕಿ ಅಲುಗುತ್ತದೆ.
ಐಸ್‌ಕ್ರೀಂ ಕಡ್ಡಿಯಲ್ಲಿ ಕಲಸಬೇಕು, ನಿಧಾನ,
ಬೆಲ್ಲದ ಪಾಕದ ಹಾಗೆ ಎಳೆ ಬರುತ್ತದೆ.
ಗುಳ್ಳೆಗಳು ತಾವಾಗಿಯೇ ಮೇಲೆದ್ದು ಒಡೆಯಲಿ ಎಂದು
ಅರ್ಧ ತಾಸು ಕಾಯಬೇಕು.
ಅವನು ಚಹಾಕ್ಕೆ ಹೋಗುತ್ತಾನೆ,
ನಾನು ಡಬ್ಬಿಯನ್ನೇ ನೋಡುತ್ತ ಕೂರುತ್ತೇನೆ.

ಆಮೇಲೆ ಸೂಜಿಮೊನೆಯಿಂದ ಗಾಜಿನ ಪಟ್ಟಿಗೆ
ಒಂದೇ ಹನಿ, ಮೆಂತ್ಯದ ಕಾಳಿಗಿಂತ ಸಣ್ಣದು.
ಪಟ್ಟಿಯನ್ನು ಬೋರಲು ಹಾಕಿದರೆ
ಹನಿ ಬೀಳಲು ನೋಡುತ್ತದೆ,
ಬೀಳುವುದಿಲ್ಲ.
ಆ ಜಗ್ಗಾಟದಲ್ಲೇ ಅದರ ಹೊಟ್ಟೆ ದುಂಡಗಾಗುತ್ತದೆ.
ಅಚ್ಚಿಲ್ಲ, ಉಜ್ಜುವ ಕಲ್ಲಿಲ್ಲ.
‘ಭೂಮಿ ಎಳೀತದ ನೋಡು, ಅದೇ ನಮ್ಮ ಸಾಣೆ’
ಅಂದರು ವಿದ್ಯಾವತಿ ಮೇಡಂ.

ಓವನ್ನು ಅರವತ್ತಕ್ಕೆ ಬಂದಿತ್ತು, ಕರೆಂಟು ಹೋಯಿತು.
ನಾಡಿಗೆಲ್ಲ ಬೆಳಕು ಹಂಚುವ ಚಿಮಣಿಗಳು
ನಮ್ಮ ಮಾಳಿಗೆ ಹತ್ತಿದರೆ ಕಾಣುತ್ತವೆ.
‘ಒಲಿ ಯಾಕ ಬೇಕು, ಮೇ ತಿಂಗಳ ಅದಲ್ಲ!’
ಪಾಷಾ ಪಟ್ಟಿಗಳನ್ನು ಹೊತ್ತು ಮೇಲೆ ನಡೆದ.
ಬರಿಗಾಲು ಊರಲಾಗದ ಪರಸಿಕಲ್ಲಿನ ಮೇಲೆ
ಇಟ್ಟಿಗೆ ಇಟ್ಟು, ಪಟ್ಟಿ ಜೋಡಿಸಿ,
ತಗಡು ಮುಚ್ಚಿ ಇಳಿದೆವು.

ಸಂಜೆಗೆ ಹತ್ತರಲ್ಲಿ ಒಂಬತ್ತು ಹಾಳು.
ಒಂದು ಓರೆ. ಎರಡು ಕೂಡಿಕೊಂಡಿದ್ದವು.
ಒಂದರ ಮೇಲೆ ಇರುವೆ ನಡೆದುಹೋಗಿತ್ತು.
ಮಿಕ್ಕವುಗಳ ಹೊಟ್ಟೆಯಲ್ಲಿ ಬೂದಿ.

ಉಳಿದೊಂದನ್ನು ಚಿಮಟದಿಂದ ಬಿಡಿಸಿ
ಮೊಬೈಲ್ ಕ್ಯಾಮೆರಾಕ್ಕೆ ಹಚ್ಚಿದೆ.
ತಾನೇ ಅಂಟಿಕೊಂಡಿತು, ಹಣೆಯ ಟಿಕಳಿಯ ಹಾಗೆ.
ಮೊದಲು ಏನು ನೋಡುವುದು?
ಮೇಡಂ ಉಳ್ಳಾಗಡ್ಡಿ ಸಿಪ್ಪೆ ಅಂದರು, ಪಾಷಾ ಸಕ್ಕರೆ.
ನಾನು ಕಿಟಕಿಯ ಸರಳು ಒರೆಸಿ
ಬೆರಳಿಗೆ ಬಂದ ಬೂದಿಯನ್ನು ಗಾಜಿಗೆ ತಟ್ಟಿದೆ,
ಕೆಡಿಸಿದವರ ಮುಖ ನೋಡೋಣ ಎಂದು.

ಗೋಲಿಗಳು!
ಗಾಜಿನ ಗೋಲಿಗಳು, ಒಂದಕ್ಕಿಂತ ಒಂದು ದುಂಡು,
ಕಪ್ಪು ಒಂದೆರಡು, ಉಳಿದವು ತಿಳಿ,
ಕೆಲವು ಟೊಳ್ಳು.
ಪ್ರತಿಯೊಂದರ ನೆತ್ತಿಯಲ್ಲೂ ನಮ್ಮ ಕಿಟಕಿ.
ಕಲ್ಲಿದ್ದಲಿನೊಳಗಿನ ಮಣ್ಣು ಉರಿಯಲ್ಲಿ ಕರಗಿ
ಹಾರುತ್ತಲೇ ಹರಳಾಗುವುದನ್ನು
ಮೇಡಂ ವಿವರಿಸುತ್ತಿದ್ದರು, ನನಗೆ ಅರ್ಧ ಕೇಳಿಸಿತು.

ನನ್ನಪ್ಪ ನರಸಪ್ಪ, ಶಕ್ತಿನಗರದಲ್ಲಿ
ಬೂದಿ ಬೀಳುವ ಹಾಪರಿನ ಕೆಳಗೆ
ಹನ್ನೊಂದು ವರ್ಷ ಗುತ್ತಿಗೆಯ ಆಳು.
ಹೊಸ್ತಿಲಾಚೆಯೇ ಅಂಗಿ ಝಾಡಿಸುತ್ತಿದ್ದ.
‘ಒಳಗ ತರಬ್ಯಾಡ’ ಎಂದು ಅವ್ವ ನೀರು ಚಿಮುಕಿಸುತ್ತಿದ್ದಳು.
ಹುಬ್ಬಿನಲ್ಲಿ, ಕಿವಿಯ ಸುರುಳಿಯಲ್ಲಿ ಉಳಿದದ್ದನ್ನು
ನಾನು ಒದ್ದೆ ಬಟ್ಟೆಯಲ್ಲಿ ಒರೆಸಿ ನಳದ ಕೆಳಗೆ ಹಿಂಡುತ್ತಿದ್ದೆ.

ರಾತ್ರಿ ಅವನಿಗೆ ತೋರಿಸಿದೆ.
ಮೊಬೈಲನ್ನು ದೂರ ಹಿಡಿದ, ಹತ್ತಿರ ಹಿಡಿದ.
‘ಇವು ನಮ್ಮವೇನು?’
ಬಹಳ ಹೊತ್ತು ಸುಮ್ಮನಿದ್ದ.
‘ಅದಕ್ಕ ಕಾಲು ಜಾರತಿತ್ತು’ ಅಂದ.
ಆಮೇಲೆ, ಮಸುಕಾಯಿತೆಂದೇನೋ,
ಅಂಗಿಯ ಚುಂಗಿನಿಂದ ಮೊಬೈಲನ್ನು ಒರೆಸಿಬಿಟ್ಟ.

ಈಗ ಇಬ್ಬರೂ ಮೊಳಕಾಲೂರಿ
ಬ್ಯಾಟರಿ ಬೆಳಕಿನಲ್ಲಿ ನೆಲ ತಡಕುತ್ತಿದ್ದೇವೆ.
‘ಕಾಲಿಡಬ್ಯಾಡ, ತಡಿ,’ ಅನ್ನುತ್ತಾನೆ,
‘ಸಿಗತದ. ಹೊಳೀಲೇಬೇಕು ಅದು.’