ಆರು ಮತ್ತು ಏಳರ ನಡುವೆ

ತ್ಬಿಲಿಸಿಯ ಹೊರವಲಯ, ಒಂಬತ್ತು ಮಹಡಿಯ ಹಳೆ ಕಟ್ಟಡ.
ಡಬ್ಬಿಗೆ ಹತ್ತು ತೆತ್ರಿ ಹಾಕಿದರೆ ಮಾತ್ರ ಲಿಫ್ಟು ಮೇಲೇರುತ್ತದೆ.
ಹಗಲೆಲ್ಲ ಸರಿ. ರಾತ್ರಿ ಮೂರರ ಸುಮಾರಿಗೆ,
ಕೆಲವು ದಿನ ಮಾತ್ರ, ಆರು ದಾಟಿ ಏಳು ಮುಟ್ಟುವ ಮುನ್ನ
ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತದೆ.
ಒಳಗೆ ಪ್ರತಿ ಸಲವೂ ಮಾಖ್ವಾಲಾ,
ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು.
ಅವಳ ಕಾಲ್ಗುಣ, ಅಂದರು ನೆರೆಯವರು.

ಲಮ್ಜೀರಾ ನಕ್ಕಳು. ನನಗೆ ಕೆಲಸ ಕಲಿಸಿದವಳು,
ಮುರಿದ ಕನ್ನಡಕಕ್ಕೆ ತಾಮ್ರದ ತಂತಿ ಸುತ್ತಿಕೊಂಡವಳು.
ಆಸಿಲೋಸ್ಕೋಪನ್ನು ಎದೆಗವಚಿ
ಛಾವಣಿಯ ಯಂತ್ರದ ಕೋಣೆಗೆ ಮೆಟ್ಟಿಲು ಹತ್ತಿಯೇ ಹೋದೆವು.

ಮೊದಲು ಆಟೋ.
'ಇದು ವಾಚಾಳಿ. ಹೇಳಲು ಏನಿಲ್ಲದಿದ್ದರೂ
ಗೆರೆ ಎಳೆಯುತ್ತಲೇ ಇರುತ್ತದೆ.'

ನಾನು ಜಾಣತನ ತೋರಿಸಲು ಸರಾಸರಿಗೆ ತಿರುಗಿಸಿದೆ:
ನೂರ ಇಪ್ಪತ್ತೆಂಟು ಅಲೆಗಳನ್ನು ಕೂಡಿ ಭಾಗಿಸಿ
ಪರದೆಯ ಮೇಲೆ ಒಂದೇ ಗೆರೆ, ಹೊಳೆಯ ಕಲ್ಲಿನಷ್ಟು ನುಣುಪು.
ಬೆರಳಿಗೆ ಒಂದೇಟು ಬಿತ್ತು.
'ನೂರ ಇಪ್ಪತ್ತೇಳು ಜನ ಸುಮ್ಮನಿದ್ದರು ಅಂತ
ಕಿರುಚಿದವನ ಕೂಗನ್ನು ಅವರಿಗೆಲ್ಲ ಹಂಚಿಬಿಟ್ಟೆಯಲ್ಲೋ!'

ಆಮೇಲೆ ಪೀಕ್. ಎರಡು ಬಿಂದುಗಳ ನಡುವಿನ ಸಂದಿಯಲ್ಲೂ
ತುತ್ತತುದಿಯನ್ನು, ತಳದ ತಳವನ್ನು ಬಿಡದೆ ಹಿಡಿಯುವುದು.
ಗೆರೆ ಎರಡು ದಿನದ ಗಡ್ಡದಂತೆ ಒರಟಾಯಿತು.
'ಕೊಳಕಾಗಿ ಕಾಣುತ್ತೆ,' ಅಂದೆ.
'ತಂತಿ ಇರುವುದೇ ಹಾಗೆ.'

ಟ್ರಿಗರಿನ ಬಾಣವನ್ನು
ಗೆರೆಯ ಆ ಹುಲ್ಲುಗಾವಲಿಗಿಂತ ಒಂದಿಷ್ಟು ಮೇಲಕ್ಕೆ ನಿಲ್ಲಿಸಿ
ಸಿಂಗಲ್ ಒತ್ತಿದಳು. ಒಂದೇ ಸಲ. ಇನ್ನು ಕಾಯುವುದು.
ಫ್ಲಾಸ್ಕಿನ ಚಹಾ, ಸೂರ್ಯಕಾಂತಿ ಬೀಜ,
ಪೇಪರಿನ ಮೇಲೆ ಸಿಪ್ಪೆಯ ಗುಡ್ಡೆ.
'ಈಗ ಅದು ಏನು ಮಾಡ್ತಿದೆ?'
'ನೆನಪಿಟ್ಟುಕೊಳ್ತಿದೆ, ಮರೀತಿದೆ. ಏನಾದರೂ ಆಗುವ ತನಕ
ಯಾವುದನ್ನು ಉಳಿಸಿಕೋಬೇಕು ಅಂತ ಅದಕ್ಕೆ ಗೊತ್ತಿರೋದಿಲ್ಲ.'
ಆಮೇಲೆ ಏನೋ ಹೇಳಹೊರಟು
ಬೀಜ ಒಡೆಯುವುದರಲ್ಲಿ ಮರೆತಳು.

ಮೂರು ಹನ್ನೆರಡು.
ಬಹಳ ಕೆಳಗೆ ಬಾಗಿಲ ಸದ್ದು. ಉಕ್ಕಿನ ಹಗ್ಗಗಳು ನಡುಗಿ ಓಡಿದವು.
ಎರಡು. ನಾಲ್ಕು. ಆರು.
ಟಕ್.
ಲಿಫ್ಟು ನಿಂತಿತು, ಪರದೆಯೂ ನಿಂತಿತು.

ನಟ್ಟನಡುವೆ ಒಂದು ಮುಳ್ಳು: ನಲವತ್ತು ಮೈಕ್ರೋಸೆಕೆಂಡು.
ಬಲಕ್ಕೆ, ಬಹಳ ಆಚೆ, ರಿಲೇ ಕೈಬಿಟ್ಟ ಇಳಿಜಾರು.
ಎಡಕ್ಕೆ ಮುಳ್ಳಿಗೂ ಮುಂಚಿನ ಹೊತ್ತು,
ಆಗುವುದು ಆಗುವ ಮೊದಲೇ ದಾಖಲಾದದ್ದು.
ನಾನು ಅದನ್ನೇ ನೋಡುತ್ತ ಕೂತಿದ್ದೆ,
ಲಮ್ಜೀರಾ ಗೋಡೆಯ ಕೊಳವೆಗೆ ಕಿವಿ ಕೊಟ್ಟಿದ್ದಳು.
ನೆಲಮಾಳಿಗೆಯಲ್ಲಿ ಏನೋ ಗುರ್ರೆನ್ನುತ್ತಿತ್ತು.

ಚಕ್ರ ತಿರುಗಿಸಿ ಮಾಖ್ವಾಲಾಳನ್ನು ಇಳಿಸಿಕೊಂಡು
ಮೂವರೂ ಬೇಕರಿಗೆ ಹೋದೆವು.
ಹಿಟ್ಟು ನಾದುವ ಯಂತ್ರದ ಪಕ್ಕ ಗೊದೇರ್ಜಿ,
ಮೊಣಕೈವರೆಗೂ ಬಿಳಿ.
'ಗಡಿಯಾರ ಕೆಟ್ಟು ವರ್ಷವಾಯ್ತು,' ಅಂದ.
'ಈ ಅಮ್ಮ ಬಂದು ಲಿಫ್ಟು ಹತ್ತಿದ ಸದ್ದು ಕೇಳಿದರೆ
ಹೊತ್ತಾಯಿತು ಅಂತ ಲೆಕ್ಕ.
ಕೈ ಒರೆಸಿಕೊಂಡು ಸ್ವಿಚ್ಚು ಒತ್ತುತ್ತೇನೆ.'

ಅಲೆಯ ನೆತ್ತಿಯ ಮೇಲೆ ಒತ್ತಿದ ರಾತ್ರಿ ಮುಳ್ಳು ಏಳುತ್ತಿತ್ತು,
ಸೊನ್ನೆಯ ಹತ್ತಿರ ಒತ್ತಿದ ರಾತ್ರಿ ಅವಳು ಮನೆ ಮುಟ್ಟುತ್ತಿದ್ದಳು.
ಇಷ್ಟನ್ನು ಲಮ್ಜೀರಾ ವಿವರಿಸಿದಳು, ಯಾರೂ ಪೂರ್ತಿ ಕೇಳಲಿಲ್ಲ.
ಮಾಖ್ವಾಲಾ ಅವನ ಬಿಳಿ ಕೈಗಳನ್ನು ನೋಡುತ್ತಿದ್ದಳು,
ಹನ್ನೊಂದು ರಾತ್ರಿ ತನ್ನನ್ನು ಗಾಳಿಯಲ್ಲಿ ನಿಲ್ಲಿಸಿದ ಕೈಗಳನ್ನು.
'ವರ್ಷದಿಂದಲಾ?' ಅಂತಷ್ಟೇ ಕೇಳಿದಳು.

ಹುಣಸೆಬೀಜದಷ್ಟು ಕೆಪಾಸಿಟರು, ಒಂದು ರೆಸಿಸ್ಟರು.
ಈಗ ಲಿಫ್ಟು ನಿಲ್ಲುವುದಿಲ್ಲ.

ಆ ಚಿತ್ರ ಇನ್ನೂ ನನ್ನ ಪೆನ್‌ಡ್ರೈವಿನಲ್ಲಿದೆ.
ಆಗಾಗ ತೆರೆದು ಮುಳ್ಳನ್ನು ಪರದೆಯಾಚೆ ಸರಿಸಿ
ಎಡಗಡೆಯ ಗೆರೆಯನ್ನು ಹಿಗ್ಗಿಸುತ್ತೇನೆ.
ಅಲ್ಲಿ ಅವಳು ಏರುತ್ತಲೇ ಇದ್ದಾಳೆ,
ಕೆಳಗೆ ಅವನು ಸದ್ದು ಆಲಿಸಿ
ಇನ್ನೂ ಕೈ ಒರೆಸಿಕೊಳ್ಳುತ್ತಿದ್ದಾನೆ.