ಒಂಬತ್ತು ಕೈ

ಗುಳೇದಗುಡ್ಡದ ನಮ್ಮ ನೇಕಾರರ ಸೊಸೈಟಿಯೊಳಗ
ಹದಿಮೂರು ಕುರ್ಚಿ. ಎರಡರ ಕಾಲು ಮುರದಾವ.
ಅಧ್ಯಕ್ಷನ್ನ ಇಳಸಾಕ ಒಂಬತ್ತು ಕೈ ಸಾಕಂತ
ನಿಯಮದ ಪುಸ್ತಕದಾಗ ಐತಿ.
ಯಾರ ಕೈ, ಯಾಕ ಎತ್ತಿದ ಕೈ
ಅಂತೇನೂ ಇಲ್ಲ.

ಮುಂಜಾನಿ ಟ್ರಾಕ್ಸಿನಿಂದ ಇಳದಿವಿ.
ಮೂರು ರಾತ್ರಿ ಕಾರವಾರದ ದಂಡಿಯಾಗ ಇಟ್ಟಿದ್ರು,
ಫೋನು ಕಸಗೊಂಡು.
ಮೀನಿನ ವಾಸನಿಗೆ ಗುರುಪಾದಪ್ಪ ಊಟಾನ ಬಿಟ್ಟಿದ್ದ.
ನನ್ನ ಅಂಗಿ ಕಿಸೆದಾಗ ಇನ್ನೂ ಉಸುಕು.

ಸಾಹೇಬರು ಪೆನ್ನಿನ ತುದಿಲೆ ಎಣಿಸಿದ್ರು,
ಸಂತ್ಯಾಗ ಕುರಿ ಎಣಿಸಿಧಂಗ.
ಒಂಬತ್ತನೇದು ನಂದು.
ಸಂಗನಬಸಪ್ಪ ಹುಲ್ಯಾಳ ಎದ್ದ, ಚಾಳೀಸು ತಗದ,
ಯಾರ ಮಾರಿನೂ ನೋಡಲಿಲ್ಲ.
ತಾ ಕುಡದ ಚಾದ ಕಪ್ಪು ತಾನ ತೊಳದಿಟ್ಟು ಹೋದ.

ಕಳ್ಳ ಹೌದು ಅಂವ. ಸುಳ್ಳಲ್ಲ.
ಎರಡು ವರ್ಷ ಮಂದಿ ಪಾಲಿನ ನೂಲು
ರಾತ್ರೋರಾತ್ರಿ ಸಾವಕಾರರ ಲಾರಿ ಹತ್ತೇತಿ.
ಕುಣಿಮಗ್ಗದಾಗ ಕಾಲು ಇಳಿಬಿಟ್ಟವರು
ಬರೇ ಹಾಸು ನೋಡಿಕೋತ ಕುಂತಾರ.
ನಾನೂರಾ ಹನ್ನೆರಡು ಮಂದಿ ಹೆಬ್ಬಟ್ಟು ಒತ್ತಿ
ಅರ್ಜಿ ಕೊಟ್ಟಿದ್ರು. ಅದು
ನನ್ನ ಕಪಾಟಿನಾಗ ಬಿದ್ದಿತ್ತು.
ಆವಾಗ ಈ ಕೈ ಎಲ್ಲಿತ್ತು?
ಆವಾಗ ತಿಂಗಳಾ ಪಾಕೀಟು ಬರತಿತ್ತು.

ಪಾಕೀಟು ನಿಂತ ಮ್ಯಾಗ ನಮಗ ನ್ಯಾಯ ನೆನಪಾತು.

ಹೊರಗ ಗುಲಾಲು, ಪಟಾಕಿ. ತರಿಸಿದವರು ನಾವ,
ಹಚ್ಚಿದವರೂ ನಾವ.
ಓಣ್ಯಾಗ ಒಂದು ಬಾಗಲಾನೂ ತೆರೀಲಿಲ್ಲ.
ಒಳಗ ಲಾಳಿ ಸಪ್ಪಳ,
ನಿನ್ನೆ ಹೆಂಗಿತ್ತೋ ಹಂಗ.

ಕಂಡಿಕಿ ಸುತ್ತೂ ನೀಲಗಂಗವ್ವ ಒಬ್ಬಾಕಿ ಕಟ್ಟಿ ಮ್ಯಾಲೆ.
"ಇಳಿಸಿದ್ರ್ಯಾ?"
"ಹೂಂ ಯವ್ವಾ."
"ಚಲೋ ಆತು."
ಹರದ ಎಳಿಗೆ ಉಗುಳು ಹಚ್ಚಿ ಗಂಟು ಹಾಕಿದಳು.
"ನಮ್ಮನ್ನ ಕೇಳಿದ್ರ ನಾವ ಇಳಿಸತಿದ್ದಿವೆಪಾ,
ಅಂವನ್ನ ಅಷ್ಟ ಅಲ್ಲ."

ನಾ ನಕ್ಕೆ. ಆಕಿ ನಗಲಿಲ್ಲ.

ರಾತ್ರಿ ಹೆಂಡತಿ ಅಂಗಿ ಝಾಡಿಸಿದಳು,
ನೆಲದ ಮ್ಯಾಲೆ ಸಮುದ್ರದ ಉಸುಕು.
ಏನೂ ಕೇಳಲಿಲ್ಲ, ಕಸಬರಿಗಿ ತಂದಳು.
ನಾ ಕಪಾಟು ತೆರದು ಅರ್ಜಿ ಬಿಚ್ಚಿದೆ.
ನೀಲಿ ಹೆಬ್ಬಟ್ಟು, ಸಾಲ ಸಾಲ,
ಒಂದರಾಗ ಅರಿಶಿಣ ಬಣ್ಣದ ಕಲಿ, ಒಂದು ಅರ್ಧಾನ ಮೂಡೇತಿ.
ಎಣಿಸಾಕ ಕುಂತೆ.
ಅದರಾಗ ಒಂದು ನನ್ನ ಹೆಂಡತಿದು.
ಯಾವುದಂತ ಕೇಳಾಕ ಬಾಯಿ ಬರಲಿಲ್ಲ.

ನೂರಾ ಎಪ್ಪತ್ತಕ್ಕ ಕರೆಂಟು ಹೋತು.
ಮತ್ತ ಮೊದಲಿಂದ ಎಣಿಸಬೇಕು.